ಹೊಳೆಮ್ಮನ ಕೈಗುಣ

ರವಿಕೆಯೊಳಗಿನ ಎರಡು ಪಟ್ಟಿಗಳು ಸುವರ್ಣಮ್ಮನ ಹೆಗಲ ಮೇಲೆ ಕಾಲುವೆ ತೋಡಿದ್ದವು. ಮೂರು ಬಾಣಂತನಗಳಲ್ಲಿ ಜೋತುಬಿದ್ದ ಎದೆಯ ಭಾರಕ್ಕೆ ಕುತ್ತಿಗೆ, ಬೆನ್ನು ಎಲ್ಲವೂ ನೋವು. ಕಂಪ್ಲಿಯ ಕಾಲುವೆಗಾದರೂ ಬೇಸಿಗೆಯಲ್ಲಿ ರಜೆಯಿತ್ತು, ಈ ನೋವಿಗೆ ಅದೂ ಇರಲಿಲ್ಲ.

ಹೊಸಪೇಟೆಯ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದ್ದರು: ಇಲ್ಲಿ ಕೊಯ್ದು, ಭಾರ ತೆಗೆದು, ತೊಟ್ಟನ್ನು ಮೇಲೆ ಕೂರಿಸಿ, ಎತ್ತಿ ಹೊಲಿಯುವುದು. ಗೆರೆ ಉಳಿಯುತ್ತದೆ, ಮುಂದೆ ಮಗುವಾದರೆ ಹಾಲೂಡಿಸುವುದು ಕಷ್ಟ.

"ಅವ್ವಾ, ದೇವರು ಮಾಡಿದ್ದನ್ನ ಬಿಚ್ಚಿ ಹೊಲಿತೀರಲ್ರಿ!" ಸುವರ್ಣಮ್ಮ ಬೆರಗಾಗಿ ಕೈಮುಗಿದಿದ್ದಳು.

ಗಿರಣಿ ಮಾಲೀಕನಾದ ಗಂಡ ಮರಿಸ್ವಾಮಿಯದು ಒಂದೇ ಮಾತು: ವಿಮೆ ಕಂಪನಿ ಒಪ್ಪಿದರೆ ಮಾತ್ರ ಆಪರೇಷನ್. ಅಂದಕ್ಕಾದರೆ ಕಂಪನಿ ಕೊಡುವುದಿಲ್ಲ. ನೋವಿಗಾದರೆ ಕೊಡುತ್ತದೆ, ಅದೂ ಬೇರೆ ಯಾವ ಚಿಕಿತ್ಸೆಗೂ ಬಗ್ಗದ ನೋವಾಗಿದ್ದರೆ. ವಿಚಾರಿಸಲು ಅಂದು ಬಳ್ಳಾರಿಯಿಂದ ಅಧಿಕಾರಿ ಬರುವವರಿದ್ದರು.

ಬೆಳಿಗ್ಗೆಯೇ ಓಣಿಯ ಹೆಂಗಸರೆಲ್ಲ ನೆರೆದರು. ಪಕ್ಕದ ಮನೆಯ ಅಕ್ಕನಾಗಮ್ಮ ಸುವರ್ಣಮ್ಮನನ್ನು ಮಂಚದ ಮೇಲೆ ಮಲಗಿಸಿ ನರಳುವುದನ್ನು ಕಲಿಸತೊಡಗಿದಳು.

"ಇನ್ನಾ ಜೋರ ನರಳಬೇ! ಹಿಂಗಾದ್ರ ಬಾಗಲತನಕಾನೂ ಕೇಳಂಗಿಲ್ಲ."

ನಾಚಿಕೆಗೆ ಸುವರ್ಣಮ್ಮನ ದನಿಯೇ ಏಳಲಿಲ್ಲ.

ಬಸ್ಸಿನಲ್ಲಿ ಕುಲುಕಿ ಸೊಂಟ ಹಿಡಿದುಕೊಂಡೇ ಅಧಿಕಾರಿ ಬಂದರು. ಮಾತ್ರೆಯಿಂದ ಗುಣವಿಲ್ಲ, ಬರೆದುಕೊಂಡರು. ಬೆಲ್ಟಿನಿಂದ ಗುಣವಿಲ್ಲ, ಬರೆದುಕೊಂಡರು.

"ಆರು ತಿಂಗಳು ಎಣ್ಣಿ ತಿಕ್ಕಿಸ್ಕೊಂಡೀರಂತ. ತಿಕ್ಕಿದಾಕಿ ಯಾರು?"

ಓಣಿಯ ಬಾಣಂತಿಯರಿಗೆಲ್ಲ ಎಣ್ಣೆ ನೀರು ಹಾಕುವ ಹೊಳೆಮ್ಮ ಮುಂದೆ ಬಂದಳು.

"ಗುಣ ಆತೇನವ್ವಾ?"

ಹೊಳೆಮ್ಮ "ಇಲ್ಲ" ಎಂದರೆ ಸಾಕಿತ್ತು. ಹಾಗೆನ್ನಲು ಬೆಳಿಗ್ಗೆ ಒಪ್ಪಿಯೂ ಇದ್ದಳು. ಆದರೆ ಓಣಿಗೆ ಓಣಿಯೇ ನೋಡುತ್ತಿತ್ತು.

"ನನ್ನ ಕೈ ಬಿದ್ದಮ್ಯಾಲೂ ನೋವು ಉಳಿತೈತೇನ್ರಿ? ಮೂವತ್ತು ವರ್ಷದಾಗ ಒಬ್ಬಾಕಿನೂ ಹಂಗ ಅಂದಿಲ್ಲ. ಮೂರು ದಿನದಾಗ ಹಗುರಾಗ್ಯಾಳ!"

"ಸುಳ್ಳ್ರೀ!" ಸುವರ್ಣಮ್ಮ ಮಂಚದಿಂದ ಚಂಗನೆ ಜಿಗಿದಳು.

ಆ ಜಿಗಿತಕ್ಕೆ ಅಧಿಕಾರಿ ಬಾಯಿ ತೆರೆದು ನಿಂತರು. "ಏನ್ ಕೈಗುಣವ್ವಾ!" ಎಂದವರು, ನೋವು ಗುಣವಾಗಿದೆ, ಆಪರೇಷನ್ ಬರೀ ಅಂದಕ್ಕೆ ಎಂದು ಬರೆದು ಸಹಿ ಹಾಕಿದರು. ಆಮೇಲೆ ಅಂಗಿ ಬಿಚ್ಚಿ, ಅದೇ ಮಂಚದ ಮೇಲೆ ಬೋರಲು ಮಲಗಿದರು.

"ನನ್ನ ಸೊಂಟಾನೂ ಒಂಚೂರು ನೋಡವ್ವಾ."

ಹೊಳೆಮ್ಮ ಮೊಣಕೈ ಊರಿದಳು. ಬೆಳಿಗ್ಗೆಯಿಂದ ಸುವರ್ಣಮ್ಮನಿಗೆ ಬಾರದ ನರಳಾಟ ಅಧಿಕಾರಿಯ ಬಾಯಿಂದ ತಾನಾಗಿ ಬಂತು, ಗಿರಣಿಯವರೆಗೂ ಕೇಳಿಸಿತು.

ಅರ್ಧ ಗಂಟೆಯ ಬಳಿಕ ಅವರು ಎದ್ದರು. ಬರುವಾಗ ಸೊಂಟ ಹಿಡಿದುಕೊಂಡಾದರೂ ನೆಟ್ಟಗೆ ನಡೆದಿದ್ದವರು ಈಗ ಕುಡುಗೋಲಿನಂತೆ ಬಾಗಿದ್ದರು.

"ಗುಣ ಆತಿಲ್ರಿ?" ಸೊಂಟದ ಮೇಲೆ ಕೈಯಿಟ್ಟು ಹೊಳೆಮ್ಮ ಕೇಳಿದಳು. ಓಣಿಯೆಲ್ಲ ಕಿವಿ ನಿಮಿರಿಸಿತು.

ಅಧಿಕಾರಿ ಒಮ್ಮೆ ಸುವರ್ಣಮ್ಮನ ಮುಖ ನೋಡಿ, ತಲೆ ತಗ್ಗಿಸಿದರು.

"ಪೂರ್ತಿ ಆತವ್ವಾ," ಎಂದು ಗೋಡೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನತ್ತ ನಡೆದರು.