ನಾಲ್ಕು ಸಾಕೋ, ಹದಿನಾರು ಬೇಕೋ

ನೀರು ಸರಬರಾಜು ಕಚೇರಿಯ ದೂರು ಕೌಂಟರಿನ ಗುಮಾಸ್ತರಿಗೆ ನಿಧಾನಪ್ಪ ಎಂಬ ಅಡ್ಡಹೆಸರು ಬಂದದ್ದು ತಮ್ಮಿಂದಲ್ಲ, ಕಂಪ್ಯೂಟರಿನಿಂದ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ ಮೇಲಂತೂ ಅದು ಕೆಸರಿಗೆ ಬಿದ್ದ ಎಮ್ಮೆಯಾಗಿತ್ತು. ಒಂದು ದೂರು ತೆರೆದುಕೊಳ್ಳುವಷ್ಟರಲ್ಲಿ ಸೋರುವ ನಲ್ಲಿಗೇ ಬೇಸರ ಬಂದು ನಿಂತುಹೋಗುತ್ತಿತ್ತು.

ಅವತ್ತು ಬೆಳಿಗ್ಗೆ ಮ್ಯಾನೇಜರ್ ಮೇಡಂ ಕೌಂಟರಿಗೇ ಬಂದರು. "ಮೆಮೊರಿ ಸಾಲ್ತಾ ಇಲ್ವಂತೆ. ಎಷ್ಟು ಹಾಕಿಸ್ಬೇಕು ಅಂತ ನೀವೇ ತೀರ್ಮಾನ ಮಾಡಿ. ರಿಪೇರಿಯವನು ಈಗ ಬರ್ತಾನೆ. ಹೆಚ್ಚುಕಮ್ಮಿ ಆದ್ರೆ ನಿಮ್ಮ ತಲೆಗೇ ಬರುತ್ತೆ, ನೆನಪಿರಲಿ."

ತೀರ್ಮಾನ ಎಂಬುದು ನಿಧಾನಪ್ಪನವರ ಜಾತಕದಲ್ಲೇ ಇರಲಿಲ್ಲ.

"ಇರೋ ನಾಲ್ಕು ಜಿಬಿನೇ ಸಾಕು ಸಾರ್," ಎಂದ ಪಕ್ಕದ ಕ್ಯಾಷಿಯರ್. "ಸಿಸ್ಟಮ್ ಡಬ್ಬಿ ಮೇಲೆ 'ಕನಿಷ್ಠ ನಾಲ್ಕು' ಅಂತ ಬರ್ದಿಲ್ವಾ? ಹಾಸಿಗೆ ಇದ್ದಷ್ಟು ಕಾಲು ಚಾಚಿ."

"ಕನಿಷ್ಠ ಅಂದ್ರೆ ಪ್ರಾಣ ಹೋಗ್ದೆ ಇರೋವಷ್ಟು ಅಂತ ಅಣ್ಣ," ಎಂದಳು ಟೈಪಿಸ್ಟ್. "ನೀವು ಬರೀ ನೀರು ಕುಡ್ಕೊಂಡು ಕೆಲಸ ಮಾಡ್ತೀರಾ? ಹದಿನಾರು ಹಾಕಿಸಿ."

ಸಾಲಿನಲ್ಲಿ ನಿಂತಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿದರು. "ಅತಿಯೂ ಬೇಡ, ಕಮ್ಮಿಯೂ ಬೇಡ. ಎಂಟು ಹಾಕ್ಸಪ್ಪ."

ಅಲ್ಲಿಗೆ ಸಾಲೆಲ್ಲ ಮೂರು ಪಕ್ಷವಾಯಿತು. ನಾಲ್ಕು, ಎಂಟು, ಹದಿನಾರು ಎಂದು ಕೂಗು ಎದ್ದು, ಕಚೇರಿ ಹರಾಜುಕಟ್ಟೆಯಾಯಿತು. ನಲ್ಲಿ ಒಡೆದಿದೆ ಎಂದು ಬಂದವರಿಗೆ ನಲ್ಲಿಯೇ ಮರೆತುಹೋಯಿತು. ನಿಧಾನಪ್ಪನವರು ಮೆಲ್ಲಗೆ ಹೊರಗೆ ನುಸುಳಿ ಹೆಂಡತಿಗೆ ಫೋನ್ ಮಾಡಿದರು.

"ಒಂದು ಬಲ್ಬ್ ತರೋಕೆ ವಾರ ಯೋಚ್ನೆ ಮಾಡೋರಿಗೆ ಈ ಕೆಲಸ ಯಾರ್ರೀ ಕೊಟ್ರು? ಎಲ್ಲಕ್ಕಿಂತ ದೊಡ್ಡದು ಹಾಕ್ಸಿ. ಸಾಲ್ಲಿಲ್ಲ ಅಂತ ಬೈಸ್ಕೊಳ್ಳೋದಾದ್ರೂ ತಪ್ಪುತ್ತೆ."

ರಿಪೇರಿಯವನು ಬಂದು, ಹಳೆಯ ನಾಲ್ಕನ್ನು ಕಿತ್ತು ಹದಿನಾರನ್ನು ಕೂರಿಸಿದ. ಹಾಗೇ ಕೀಲಿಮಣೆ ಹಿಡಿದು ಒಂದಷ್ಟು ಹೊತ್ತು ಏನೇನೋ ಒತ್ತಿ ಎದ್ದುಹೋದ.

ಆಮೇಲೆ ನೋಡಬೇಕಿತ್ತು! ಬೆರಳು ಮುಟ್ಟುವ ಮೊದಲೇ ದೂರು ತೆರೆಯುತ್ತಿತ್ತು. ಮೇಷ್ಟ್ರು ತಮ್ಮ ಮನೆಯ ಪೈಪಿನ ಕತೆ ಶುರುಮಾಡುವಷ್ಟರಲ್ಲಿ ರಸೀತಿ ಅವರ ಕೈಯಲ್ಲಿತ್ತು. ಮಧ್ಯಾಹ್ನಕ್ಕೆ ಸಾಲು ಕರಗಿತು. ನಿಧಾನಪ್ಪನವರು ಜೀವಮಾನದಲ್ಲಿ ಮೊದಲ ಬಾರಿ ಎದೆಯುಬ್ಬಿಸಿ ಕಾಲ ಮೇಲೆ ಕಾಲು ಹಾಕಿ ಕೂತರು.

ಅದೇ ತಪ್ಪಾಯಿತು. ಮೇಡಂ ನೋಡಿಬಿಟ್ಟರು.

"ಖಾಲಿ ಕೂತಿದೀರಲ್ಲ! ಹೊಸ ಸಂಪರ್ಕದ ಅರ್ಜಿಗಳನ್ನೂ ನೀವೇ ನೋಡ್ಕೊಳ್ಳಿ. ಮೀಟರ್ ಕೌಂಟರಿನವರು ರಜದಲ್ಲಿದಾರೆ, ಅದೂ ಇರಲಿ."

ಸಂಜೆಯ ಹೊತ್ತಿಗೆ ಅವರು ಗಾಣಕ್ಕೆ ಕಟ್ಟಿದ ಎತ್ತಾಗಿದ್ದರು. ಚಹಾ ಲೋಟದಲ್ಲೇ ಆರಿ ಕೆನೆಗಟ್ಟಿತ್ತು. ಕೆಲಸ ಹೇಗಾಗಿದೆ ಎಂದು ನೋಡಲು ರಿಪೇರಿಯವನು ಮತ್ತೆ ಬಂದದ್ದೇ ತಡ, ಅವನ ತೋಳು ಹಿಡಿದು ಮೂಲೆಗೆ ಎಳೆದರು.

"ನಿನ್ನ ದಮ್ಮಯ್ಯ ಅಂತೀನಿ, ಆ ಹದಿನಾರನ್ನ ಕಿತ್ತು ಹಳೇ ನಾಲ್ಕನ್ನೇ ಹಾಕಪ್ಪ. ಮೊದಲಿನ ಹಾಗೆ ನಿಧಾನ ಆಗ್ಲಿ."

ಅವನು ಅವರನ್ನೊಮ್ಮೆ ವಿಚಿತ್ರವಾಗಿ ನೋಡಿ, ಹೇಳಿದಂತೆ ಮಾಡಿದ. ನಿಧಾನಪ್ಪನವರು ಬಟನ್ ಒತ್ತಿದರು. ಕಂಪ್ಯೂಟರು ಮಿಂಚಿನಂತೆ ಎದ್ದು ಕೂತಿತು!

"ಇದೇನಯ್ಯ?"

"ಮೆಮೊರಿ ಕಮ್ಮಿ ಆಗಿರ್ಲೇ ಇಲ್ಲ ಸಾರ್. ಅದರೊಳಗೆ ಎರಡು ವೈರಸ್ ತಡೆಯೋ ಪ್ರೋಗ್ರಾಂ ಇದ್ವು. ಒಂದೇ ಮನೇಲಿ ಇಬ್ಬರು ವಾರಗಿತ್ತಿಯರ ಹಾಗೆ ಹಗಲೂ ರಾತ್ರಿ ಕಿತ್ತಾಡ್ತಿದ್ವು. ಬೆಳಿಗ್ಗೆ ಒಂದನ್ನ ಹೊರಗೆ ಓಡಿಸ್ದೆ, ಅಷ್ಟೇ."

"ಅವಳನ್ನ ವಾಪಸ್ ಕರ್ಕೊಂಡು ಬಾರಪ್ಪ!"

"ಯಾರನ್ನ?" ಹಿಂದಿನಿಂದ ಮೇಡಂ ದನಿ ಕೇಳಿತು. ಅವರ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ಹದಿನಾರು ಜಿಬಿಯ ಮೆಮೊರಿ ಪಟ್ಟಿಯ ಮೇಲೂ, ಓಡುತ್ತಿದ್ದ ಪರದೆಯ ಮೇಲೂ ಹರಿದಾಡಿ ಅರಳಿದವು. "ಅಬ್ಬಾ! ಕಡಿಮೆ ಮೆಮೊರೀಲೇ ಇಷ್ಟು ಸ್ಪೀಡ್ ಬರ್ಸಿದ್ರಾ? ನಿಮ್ಮಂಥ ಜಾಣರನ್ನ ಕೌಂಟರಲ್ಲಿ ಕೂರ್ಸಿದ್ದೇ ನನ್ನ ತಪ್ಪು. ನಾಳೆಯಿಂದ ಮೂರು ಕೌಂಟರಿನ ಜತೆಗೆ ಕಚೇರಿಯ ಅಷ್ಟೂ ಕಂಪ್ಯೂಟರ್ ನಿಮ್ಮ ಉಸ್ತುವಾರಿ. ಎಲ್ಲಾನೂ ಹೀಗೇ ಓಡ್ಬೇಕು. ಮೊದಲು ಕ್ಯಾಷಿಯರದ್ದು, ಆಮೇಲೆ ಟೈಪಿಸ್ಟದ್ದು."

ಕ್ಯಾಷಿಯರನ ಕೈಯಲ್ಲಿದ್ದ ಚಹಾ ಲೋಟ ಅರ್ಧದಲ್ಲೇ ನಿಂತಿತು. ಟೈಪಿಸ್ಟ್ ಓದುತ್ತಿದ್ದ ವಾರಪತ್ರಿಕೆಯನ್ನು ಮೆಲ್ಲಗೆ ಮಡಚಿದಳು.

"ಅಣ್ಣ," ಎಂದಳು ಹಲ್ಲು ಕಚ್ಚಿ, "ನಮ್ಮ ಪುರುಸೊತ್ತಿಗೂ ಕಲ್ಲು ಹಾಕಿದ್ರಲ್ಲ! ಮನೆಗೆ ಒಬ್ಬರೇ ಹೋಗ್ಬೇಡಿ. ನಾವೂ ಬರ್ತೀವಿ."