ಬಲಕ್ಕೆ ಬಿಚ್ಚುವ ಡಬ್ಬಿ

ಬೀಗರನ್ನು ಅಪ್ಪಿಕೊಳ್ಳುವಾಗ ಜೇಬಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಯಾವ ಹಿರಿಯರೂ ಗುರುಪುತ್ರಪ್ಪನಿಗೆ ಹೇಳಿಕೊಟ್ಟಿರಲಿಲ್ಲ. ಆದ್ದರಿಂದ ತಪ್ಪು ಪೂರ್ತಿ ತನ್ನದಲ್ಲ ಎಂದು ಅವನು ಇವತ್ತಿಗೂ ನಂಬಿದ್ದಾನೆ. (ಅವನ ಹೆಂಡತಿ ಅಕ್ಕವ್ವ ನಂಬಿಲ್ಲ. ಅದು ಬೇರೆ ಮಾತು.)

ನಡೆದದ್ದು ಇಷ್ಟು. ಮಗ ರೋಹನನಿಗೆ ಖಾನಾಪುರದ ಅಕ್ಕಿ ವ್ಯಾಪಾರಿ ತಮ್ಮಣ್ಣನ ಮಗಳು ತ್ರಿವೇಣಿಯನ್ನು ಗೊತ್ತುಮಾಡಿ, ಬೆಳಗಾವಿಯ ಮನೆಯಲ್ಲಿ ಸಕ್ಕರೆ ಹಂಚಿ ಮಾತು ಗಟ್ಟಿಮಾಡಿಕೊಂಡಿದ್ದರು. ಎಲ್ಲ ಶಾಸ್ತ್ರ ಮುಗಿದ ಮೇಲೆ ತಮ್ಮಣ್ಣ ಎರಡೂ ತೋಳು ಅಗಲಿಸಿ ಬಂದ. ಅಕ್ಕಿ ಚೀಲ ಎತ್ತಿ ಬೆಳೆದ ತೋಳುಗಳು ಅವು. ಗುರುಪುತ್ರಪ್ಪನೂ ಪ್ರೀತಿಯಲ್ಲಿ ಕಡಿಮೆಯವನಲ್ಲ. ಇಬ್ಬರೂ ಎದೆಗೆ ಎದೆ ಒತ್ತಿ ಅಪ್ಪಿಕೊಂಡರು. ಮರುಕ್ಷಣ ತಮ್ಮಣ್ಣ "ಹಾ" ಎಂದು ಹಿಂದೆ ಸರಿದ. ಅವನ ಬಿಳಿ ಅಂಗಿಯ ಎಡಭಾಗದಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಮೂಡಿತ್ತು.

ಗುರುಪುತ್ರಪ್ಪನ ಜೇಬಿನಲ್ಲಿ ಕರವಸ್ತ್ರ ಸುತ್ತಿದ ಮೂರು ಡಾರ್ಟ್‌ಗಳಿದ್ದವು.

ಅವನಿಗೆ ಆಟೋ ನಗರದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇದೆ. ಪಕ್ಕದ ಶೆಡ್ಡಿನಲ್ಲಿ ಲಾರಿಗಳ ಸ್ಪ್ರಿಂಗ್ ಪಾಟಾ ರಿಪೇರಿ ಮಾಡುವ ಕಲಂದರ ಅವನ ಹಳೆಯ ಗೆಳೆಯ. ಯಾರೋ ಗೋವಾದಿಂದ ತಂದುಕೊಟ್ಟ ದುಂಡನೆಯ ಬೋರ್ಡನ್ನು ಇಬ್ಬರೂ ಗೋಡೆಗೆ ತೂಗುಹಾಕಿ, ಚಹಾ ಕುಡಿಯುವ ಹೊತ್ತಿಗೆ ಡಾರ್ಟ್ ಎಸೆಯಲು ಶುರುಮಾಡಿದ್ದರು. ಮುಂದೆ ಸೂಜಿಯ ಮೊನೆ, ನಡುವೆ ಹಿತ್ತಾಳೆಯ ಮೈ, ಹಿಂದೆ ಬಣ್ಣದ ರೆಕ್ಕೆ. ಗುರುಪುತ್ರಪ್ಪನಿಗೆ ಅವುಗಳ ಮೇಲೆ ಎಷ್ಟು ಜೀವವೆಂದರೆ, ಸಂಜೆ ವರ್ಕ್‌ಶಾಪಿನಲ್ಲಿ ಬಿಟ್ಟುಬರಲು ಮನಸ್ಸಾಗದೆ ಎದೆಯ ಜೇಬಿನಲ್ಲಿ ಮನೆಗೆ ತರುತ್ತಿದ್ದ.

ಆವತ್ತು ಅಕ್ಕವ್ವ ಒಂದು ಕ್ಷಣವೂ ತಡಮಾಡಲಿಲ್ಲ.

"ಸೇಫ್ಟಿ ಪಿನ್ ಇರಬೇಕ್ರಿ ಬೀಗರ. ಇವರ ಅಂಗಿ ಗುಂಡಿ ಹರದಿತ್ತು, ನಾನ ಹಚ್ಚಿ ಕೊಟ್ಟಿದ್ನಿ. ತಪ್ಪ ನಂದ."

ಮಾನ ಉಳಿಯಿತು. ಬೀಗರ ಗಾಡಿ ಮರೆಯಾದ ಮೇಲೆ ಅವಳು ಗಂಡನ ಕಡೆ ತಿರುಗಿದಳು. ಧ್ವನಿ ಏರಿಸಲಿಲ್ಲ. ಅವಳು ಧ್ವನಿ ಏರಿಸದಿದ್ದಾಗಲೇ ಗುರುಪುತ್ರಪ್ಪನಿಗೆ ಹೆದರಿಕೆ ಹೆಚ್ಚು.

"ನೋಡ್ರಿ. ಇದು ಬೀಗರಿಗೆ ಗೊತ್ತಾಗಬಾರದು. ಇನ್ನ ಮ್ಯಾಲ ಆ ಸೂಜಿ ಯಾರಿಗರ ಚುಚ್ಚಿದ್ವು ಅಂದ್ರ ಅವು ಈ ಹೊಸ್ತಿಲ ದಾಟಂಗಿಲ್ಲ. ಒಂದ ಡಬ್ಬಿ ಮಾಡ್ರಿ, ಇಲ್ಲಾಂದ್ರ ಕಲಂದರಣ್ಣಗ ಕೊಟ್ಟ ಬರ್ರಿ."

"ಅಷ್ಟ ಏನ? ಮಾಡ್ತೀನಿ ತಗೋ."

"ನನ್ನ ಹಳೇ ಚಷ್ಮಾದ ಡಬ್ಬಿ ಐತಿ. ಅದರಾಗ ಇಟ್ರ ಆತು."

ಇಡೀ ಬೆಳಗಾವಿಯ ಪಂಪ್‌ಸೆಟ್ಟುಗಳಿಗೆ ಶಾಫ್ಟ್ ಕಡೆದುಕೊಟ್ಟವನಿಗೆ ಚಷ್ಮಾದ ಡಬ್ಬಿ. ಕೆಲವು ಅವಮಾನಗಳಿಗೆ ಕೆಲಸದಿಂದಲೇ ಉತ್ತರ ಕೊಡಬೇಕು.

ಹೀಗೆ ಆಟೋ ನಗರದಲ್ಲಿ ಶಸ್ತ್ರಾಗಾರ ನಿರ್ಮಾಣದ ಮಹಾಕಾರ್ಯ ಆರಂಭವಾಯಿತು. ಮೊದಲು ನೀರಿನ ಪೈಪಿನ ತುಂಡಿಗೆ ಎರಡೂ ಕಡೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ನೋಡಿದ. ಬೈಕು ರಸ್ತೆಯ ಉಬ್ಬು ಹತ್ತಿ ಇಳಿದಾಗ ಒಂದು ಡಾರ್ಟ್ ಮುಚ್ಚಳವನ್ನು ಸೀಳಿ ಹೊರಬಂದು ಅವನದೇ ತೊಡೆಯನ್ನು ವಿಚಾರಿಸಿಕೊಂಡಿತು. (ಈ ಸಂಗತಿ ಅಕ್ಕವ್ವನ ಕಿವಿಗೆ ಬೀಳಲಿಲ್ಲ. ತನಗೆ ತಾನೇ ಚುಚ್ಚಿಕೊಂಡರೆ ಅದು "ಯಾರಿಗರ" ಎಂಬ ಲೆಕ್ಕದಲ್ಲಿ ಬರುವುದಿಲ್ಲ ಎಂದು ಅವನು ತೀರ್ಮಾನಿಸಿಕೊಂಡ.)

ಆಮೇಲೆ ಮನೆಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯೊಳಗೆ ಸ್ಪಂಜು ಕತ್ತರಿಸಿ ಕೂರಿಸಿದ. ಮೊನೆಗಳು ಸ್ಪಂಜಿನಲ್ಲಿ ಹೂತು ಸುಮ್ಮನಾದವು, ರೆಕ್ಕೆಗಳೂ ಮುದುಡಲಿಲ್ಲ. ಅದು ಗೆದ್ದೇ ಬಿಡುತ್ತಿತ್ತು. ಆದರೆ ಅವನ ಊಟ ಕಟ್ಟಲು ಅಂಥದೇ ಇನ್ನೊಂದು ಡಬ್ಬಿ ಮನೆಯಲ್ಲಿತ್ತು. ಮಧ್ಯಾಹ್ನ ಕಲಂದರ ತನ್ನ ಚಪಾತಿ ಬಿಚ್ಚಿಕೊಂಡು ಕುಳಿತಾಗ ಗುರುಪುತ್ರಪ್ಪನೂ ಡಬ್ಬಿ ತೆರೆದ.

ಕಲಂದರ ಇಣುಕಿ ನೋಡಿ ಸಾವಕಾಶವಾಗಿ ಕೇಳಿದ. "ಗುರುಪುತ್ರಣ್ಣ, ಇವತ್ತ ವೈನಿ ಬಾಣದ ಪಲ್ಯಾ ಮಾಡ್ಯಾರೇನ್ರಿ?"

ಆ ಹೊತ್ತಿಗೆ ಮನೆಯಲ್ಲಿ ಅಕ್ಕವ್ವ, ದೇವರ ಜಗಲಿಯ ಪಕ್ಕದ ಕಪಾಟಿನಲ್ಲಿ ಡಾರ್ಟ್‌ಗಳ ಜಾಗದಲ್ಲಿ ಭದ್ರವಾಗಿ ಕುಳಿತಿದ್ದ ಬದನೆಕಾಯಿ ಎಣ್ಣೆಗಾಯಿಯನ್ನು ಪತ್ತೆಮಾಡಿದ್ದಳು.

ಕೊನೆಗೆ ಅವನು ಲೇತಿನ ಮುಂದೆಯೇ ಧ್ಯಾನಕ್ಕೆ ಕುಳಿತ. ಒಳ್ಳೆಯ ಹಿತ್ತಾಳೆಯ ಸರಳು ಹುಡುಕಿ, ಒಳಗೆ ಕೊರೆದು, ಹೊರಗೆ ಕಡೆದು, ಅಂಗೈ ಹಿಡಿಯುವಷ್ಟು ದಪ್ಪದ ಕೊಳವೆ ಮಾಡಿದ. ತಳದಲ್ಲಿ ಕಾರ್ಕಿನ ಬಿಲ್ಲೆ. ಮೂರು ಮೊನೆಗಳೂ ಅದರಲ್ಲಿ ಊರಿ ನಿಂತರೆ ರೆಕ್ಕೆಗಳು ಮೇಲೆ ಆರಾಮಾಗಿ ಇರುತ್ತಿದ್ದವು. ಮುಚ್ಚಳಕ್ಕೆ ತಿರುಪು ಹಾಕುವಾಗ ಅವನ ತಲೆಯಲ್ಲಿ ಮಿಂಚೊಂದು ಹೊಳೆಯಿತು. ತಿರುಪನ್ನು ಉಲ್ಟಾ ಕಡೆದ. ಲೋಕದ ಎಲ್ಲ ಮುಚ್ಚಳಗಳೂ ಎಡಕ್ಕೆ ತಿರುವಿದರೆ ಬಿಚ್ಚುತ್ತವೆ. ಇದು ಎಡಕ್ಕೆ ತಿರುವಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುವಿದರೆ ಮಾತ್ರ ಬಿಚ್ಚುತ್ತದೆ.

"ಗೊತ್ತಿಲ್ಲದವ ಎಷ್ಟ ತಿರುವ್ತಾನ ಅಷ್ಟ ಗಟ್ಟಿ ಆಗ್ತೈತಿ," ಎಂದು ಹೆಂಡತಿಗೆ ತೋರಿಸಿದ. "ಸಣ್ಣ ಹುಡುಗರ ಕೈಗೆ ಕೊಡು, ಕಳ್ಳರ ಕೈಗೆ ಕೊಡು. ಯಾರಿಗೂ ಬರಂಗಿಲ್ಲ."

ಅಕ್ಕವ್ವ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ತಿಕ್ಕಿ ಹೊಳಪು ಕೊಟ್ಟ ಹಿತ್ತಾಳೆ ಬಂಗಾರವೇ ಎಂಬಂತಿತ್ತು. ಅವಳಿಗೆ ಅದು ಇಷ್ಟವಾಯಿತು. ಇಷ್ಟವಾಯಿತು ಎಂದು ಹೇಳಲು ಮನಸ್ಸಾಗದೆ, "ಹಿತ್ತಾಳಿ ಅಂಗಿಗೆ ಕಲೆ ಮಾಡ್ತೈತಿ" ಎಂದಳು. ಮರುದಿನ ತನ್ನ ಹಳೆಯ ಶಹಾಪುರ ಸೀರೆಯ ಜರಿ ಅಂಚನ್ನು ಕತ್ತರಿಸಿ, ಅದಕ್ಕೊಂದು ದಾರ ಎಳೆಯುವ ಚೀಲ ಹೊಲಿದುಕೊಟ್ಟಳು.

ಕಲಂದರ ಚೀಲವನ್ನು ನೋಡಿ ತಲೆದೂಗಿದ. "ಇದು ಬಾಣದ ಡಬ್ಬಿ ಅಲ್ರಿ ಅಣ್ಣ. ಇದರಾಗ ವಧುನ ಕುಂದರಿಸಿ ಕಳಸಬೇಕು."

ಅದೇ ತಿಂಗಳು ಖಾನಾಪುರದ ಒಂದು ತರುಣ ಮಂಡಳದವರು ಜೋಡಿ ಡಾರ್ಟ್ ಪಂದ್ಯ ಇಟ್ಟರು. ಗುರುಪುತ್ರಪ್ಪ ಮತ್ತು ಕಲಂದರ ಹೆಸರು ಕೊಟ್ಟರು. ಸುದ್ದಿ ಕೇಳಿದ ಅಕ್ಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಖಾನಾಪುರಕ್ಕ ಹೋಗಿ ಬೀಗರ ಮನಿ ಮುಟ್ಟದ ಬರಾಕ ಆಗ್ತೈತೇನ್ರಿ? ಯಾರರ ನೋಡಿ ಹೇಳಿದ್ರ ಯಾವ ಮಾರಿ ಇಟ್ಕೊಂಡ ಲಗ್ನ ಮಾಡೂಣು?"

"ಹಂಗಾದ್ರ ಹೋಗೂಣು."

"ಆ ಸೂಜಿ ತಗೊಂಡ?"

"ಡಬ್ಬಿ ಐತಲ್ಲ."

ಡಬ್ಬಿ ಇತ್ತು. ಹಾಗಾಗಿ ಕಲಂದರ ನೇರವಾಗಿ ಪಂದ್ಯದ ಹಾಲಿಗೆ ಹೋಗುವುದು, ಗಂಡಹೆಂಡತಿ ಬೀಗರ ಮನೆಯಲ್ಲಿ ಒಂದು ಚಹಾ ಕುಡಿದು ಅಲ್ಲಿಗೆ ಬರುವುದು ಎಂದಾಯಿತು. ಬೀಗರಿಗೆಂದು ಅಕ್ಕವ್ವ ಮಿಠಾಯಿ ಅಂಗಡಿಯಲ್ಲಿ ಒಂದು ದೊಡ್ಡ ಡಬ್ಬ ಕುಂದಾ ಕಟ್ಟಿಸಿಕೊಂಡಳು. ಬಸ್ಸಿನಲ್ಲಿ ಅದನ್ನು ಮೇಲಿನ ಸಾಮಾನಿನ ಹಲಗೆಯ ಮೇಲೆ ಇಟ್ಟು, ಇಳಿಯುವಾಗ ತೆಗೆದುಕೊಳ್ಳುವ ಜವಾಬ್ದಾರಿಯನ್ನು ಗಂಡನಿಗೆ ಒಪ್ಪಿಸಿದಳು. ಗುರುಪುತ್ರಪ್ಪ ಜರಿ ಚೀಲವನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದು ಕುಳಿತಿದ್ದ. ಪ್ರತಿ ಕುಳಿಗೂ ಬಗ್ಗಿ ಕಿವಿಗೊಡುತ್ತಿದ್ದ. ಒಳಗಿಂದ ಸದ್ದಿಲ್ಲ. ಆ ಮೌನವನ್ನು ಆನಂದಿಸುತ್ತಲೇ ಖಾನಾಪುರದಲ್ಲಿ ಇಳಿದ.

ಬೀಗರ ಮನೆಯ ಮೆಟ್ಟಿಲು ಹತ್ತುವಾಗ ಅಕ್ಕವ್ವ ಅವನ ಕೈಗಳನ್ನು ನೋಡಿದಳು. "ಕುಂದಾ ಎಲ್ಲೈತ್ರಿ?"

ಕುಂದಾ ಹಲಸಿಯ ದಾರಿ ಹಿಡಿದಿತ್ತು. ಬಸ್ಸು ಅಲ್ಲಿಗೇ ಹೋಗುವುದಾಗಿತ್ತು.

ಹಿಂದಿರುಗಿ ಅಂಗಡಿಗೆ ಓಡಲು ಸಮಯವಿರಲಿಲ್ಲ. ಬೀಗಿತಿ ಮಾಯಕ್ಕ ಆಗಲೇ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬರ್ರಿ, ಬರ್ರಿ. ಕಾಲ ತೊಳಕೊಳ್ರಿ." ಅವಳ ಕಣ್ಣು ಸಹಜವಾಗಿ ಬಂದವರ ಕೈಗೆ ಹೋಯಿತು. ಲಗ್ನ ಗೊತ್ತಾದ ಮೇಲೆ ಮೊದಲ ಸಲ ಮನೆಗೆ ಬಂದ ಬೀಗರು ಬರಿಗೈಯಲ್ಲಿ ಬರುವುದಿಲ್ಲ. ಇವರೂ ಬಂದಿರಲಿಲ್ಲ. ಗುರುಪುತ್ರಪ್ಪನ ಕೈಯಲ್ಲಿ ಜರಿ ಅಂಚಿನ ಚೀಲವಿತ್ತು. ಅವನು ಕಾಲು ತೊಳೆಯಲು ಬಗ್ಗುವಾಗ ಅದನ್ನು ಎಲ್ಲಿಡಲಿ ಎಂದು ಅತ್ತಿತ್ತ ನೋಡುತ್ತ ಮುಂದೆ ಚಾಚಿದ್ದೂ ನಿಜ.

ಮಾಯಕ್ಕ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಇದೆಲ್ಲಾ ಯಾಕ ತರಾಕ ಹೋದ್ರಿ? ಇನ್ನ ಲಗ್ನದಾಗ ಆಯೇರ ಮಾಡೂದು ಇದ್ದ ಐತಲ್ರಿ."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಅದು ನಿಮಗಲ್ಲ ಎನ್ನಬೇಕು. ಹಾಗೆಂದರೆ ಮತ್ತೇನು ತಂದಿದ್ದೀರಿ ಎಂಬ ಪ್ರಶ್ನೆ ಬರುತ್ತದೆ. ಅವರು ಇನ್ನೂ ಮಾತು ಹುಡುಕುತ್ತಿರುವಾಗಲೇ ಡಬ್ಬಿ ಚೀಲದಿಂದ ಹೊರಬಂದು, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ದಾಸವಾಳ ಹೊತ್ತು ದೇವರ ಜಗಲಿ ಏರಿತು.

ಚಹಾ ಬಂತು. ಗುರುಪುತ್ರಪ್ಪ ಬಟ್ಟಲು ಕೈಗೆತ್ತಿಕೊಂಡ. ಜೇಬಿನಲ್ಲಿ ಫೋನು ನಡುಗಿತು. ಕಲಂದರ.

"ಎಲ್ಲದೀರಿ ಅಣ್ಣ? ಇನ್ನ ಎರಡ ಜೋಡಿ ಆದ ಮ್ಯಾಲ ನಮ್ಮ ಪಾಳಿ."

"ಬಂದೆ, ಬಂದೆ," ಎಂದ ಗುರುಪುತ್ರಪ್ಪ, ಜಗಲಿಯ ಕಡೆ ನೋಡುತ್ತ.

ಅಷ್ಟರಲ್ಲಿ ತಮ್ಮಣ್ಣ ಡಬ್ಬಿಯನ್ನು ಎತ್ತಿಕೊಂಡು ಬಂದಿದ್ದ. "ಕೆಲಸ ಭಾಳ ಛಲೋ ಐತ್ರಿ ಬೀಗರ. ನಿಮ್ಮ ಕೈಯಾಗಿಂದ ಅಲ್ಲೇನ? ಒಳಗ ಏನೈತಿ?" ಎಂದು ಕಿವಿಯ ಹತ್ತಿರ ಅಲುಗಾಡಿಸಿದ. ಡಬ್ಬಿ ತನ್ನ ಮೌನ ಬಿಡಲಿಲ್ಲ. ಅವನು ಮುಚ್ಚಳ ಹಿಡಿದು, ಲೋಕದ ಎಲ್ಲರಂತೆ, ಎಡಕ್ಕೆ ತಿರುವಿದ.

ಬರಲಿಲ್ಲ. ಇನ್ನಷ್ಟು ತಿರುವಿದ. ಡಬ್ಬಿಯನ್ನು ಎದೆಗೆ ಅವಚಿ, ಹಲ್ಲು ಕಚ್ಚಿ ತಿರುವಿದ. ಅಂದು ಕೆಂಪು ಮೂಡಿದ್ದ ಜಾಗಕ್ಕೇ ಡಬ್ಬಿ ಆನಿಕೊಂಡಿತ್ತು.

"ಬಿಡ್ರಿ ಬೀಗರ," ಎಂದಳು ಅಕ್ಕವ್ವ, ಸೇಫ್ಟಿ ಪಿನ್ನಿನ ದಿನದ ಅದೇ ಸಮಾಧಾನದಲ್ಲಿ. "ಅದನ್ನ ಲಗ್ನದ ದಿನಾನ ಬಿಚ್ಚಬೇಕ್ರಿ. ಅಕ್ಕಿಕಾಳ ಬಿದ್ದ ಮ್ಯಾಲ, ಹುಡುಗಿ ಕೈಲೆ. ಅದಕ್ಕಂತನ ಗಟ್ಟಿ ಮಾಡ್ಯಾರ."

ಎಂಥ ಮಾತು. ಗುರುಪುತ್ರಪ್ಪ ಹೆಂಡತಿಗೆ ಮನಸ್ಸಿನಲ್ಲೇ ಅಡ್ಡಬಿದ್ದ. ಲಗ್ನಕ್ಕೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ಇಂಥದೇ ಇನ್ನೊಂದು ಡಬ್ಬಿ ಮಾಡಿ, ಒಳಗೆ ಬೆಳ್ಳಿಯದೇನಾದರೂ ಇಟ್ಟು ಬದಲಿಸಿಬಿಟ್ಟರೆ ಮುಗಿಯಿತು. ಅವನು ಮಾಡಬೇಕಾಗಿದ್ದದ್ದು ಒಂದೇ. ಸುಮ್ಮನೆ ಕುಳಿತು ಚಹಾ ಕುಡಿಯುವುದು.

ಆದರೆ ತಮ್ಮಣ್ಣ ಕೊನೆಯದಾಗಿ ಒಂದು ಕೈ ನೋಡೋಣವೆಂದು ಅಡುಗೆಮನೆಯ ಇಕ್ಕಳ ತರಿಸಿದ. ಹೊಳಪು ಕೊಟ್ಟ ಹಿತ್ತಾಳೆಯ ಮೈಗೆ ಇಕ್ಕಳದ ಹಲ್ಲು ಕಚ್ಚಿ "ಕಿರ್ರ್" ಎಂದಿತು. ಆ ಸದ್ದನ್ನು ತಡೆದುಕೊಳ್ಳುವ ಲೇತಿನವನು ಇನ್ನೂ ಹುಟ್ಟಿಲ್ಲ.

"ಹಂಗಲ್ರಿ, ಬಲಕ್ಕ ತಿರುವ್ರಿ," ಎಂದ ಗುರುಪುತ್ರಪ್ಪ.

ಅಕ್ಕವ್ವ ಕಣ್ಣು ಮುಚ್ಚಿಕೊಂಡಳು.

ತಮ್ಮಣ್ಣ ಬಲಕ್ಕೆ ತಿರುವಿದ. ಮುಚ್ಚಳ ಎಣ್ಣೆ ಹಚ್ಚಿದಂತೆ ನುಣ್ಣಗೆ ಸುತ್ತಿ ಕಳಚಿಬಂತು. ಕಾರ್ಕಿನ ಮೇಲೆ ಮೂರೂ ಡಾರ್ಟ್‌ಗಳು ರೆಕ್ಕೆ ಬಿಚ್ಚಿಕೊಂಡು, ಒಂದು ಗರಿಯೂ ಮುದುಡದೆ, ಸಭ್ಯವಾಗಿ ನಿಂತಿದ್ದವು. (ಅಂಥ ಹೊತ್ತಿನಲ್ಲೂ ಅವನಿಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡಬಾರದು.)

ತಮ್ಮಣ್ಣ ಒಂದನ್ನು ಎತ್ತಿ, ಮೊನೆಯನ್ನು ಹಗುರವಾಗಿ ಹೆಬ್ಬೆರಳಿಗೆ ತಾಗಿಸಿ ನೋಡಿದ. ಅವನ ಇನ್ನೊಂದು ಕೈ ತಾನಾಗಿ ಎದೆಯ ಎಡಭಾಗಕ್ಕೆ ಹೋಯಿತು.

"ಬೀಗರ. ಆವತ್ತಿನ ಸೇಫ್ಟಿ ಪಿನ್ನು..."

"ಇದ ರೀ," ಎಂದ ಗುರುಪುತ್ರಪ್ಪ ನೆಲ ನೋಡುತ್ತ.

ಮೊದಲು ನಕ್ಕವಳು ಮಾಯಕ್ಕ. "ನಾ ಆವತ್ತ ಹೇಳಿದ್ನಿ ಇವರಿಗೆ. ಗಾಯಕ್ಕ ಅರಿಷಿಣ ಹಚ್ಚೂಮುಂದ ನೋಡೀನಿ, ಪಿನ್ನು ಅಷ್ಟ ಆಳ ಹೋಗಂಗಿಲ್ಲ ಅಂತ. ಟಿಟಿ ಸೂಜಿ ಮಾಡಿಸಿಕೊಂಡ ಬರಾಕ ಕಳಿಸಿದ್ರ ದವಾಖಾನಿ ಬಾಗಲದಾಗ ಅಳಾಕ ನಿಂತಿದ್ರು."

"ಅತ್ತಿಲ್ಲ ನಾ," ಎಂದ ತಮ್ಮಣ್ಣ. ಆಮೇಲೆ ಅವನಿಗೂ ನಗು ತಡೆಯಲಿಲ್ಲ. "ಏನ ಅನ್ರಿ ಬೀಗರ, ನಿಮ್ಮ ಗುರಿ ಛಲೋ ಐತಿ. ನಟ್ಟ ನಡುವ ಎದಿಗೇ ಹೊಡದ್ರಿ."

"ನಮ್ಮಿಂದ ತಪ್ಪಾತ್ರಿ," ಎಂದಳು ಅಕ್ಕವ್ವ. ಮಾಯಕ್ಕ ಅವಳ ಕೈ ಹಿಡಿದುಕೊಂಡಳು. "ತಪ್ಪೇನ ಬಂತ್ರಿ. ಮುಚ್ಚಿಡೂದ ಬ್ಯಾಡ, ಅಷ್ಟ. ಆದ್ರ ಡಬ್ಬಿ ಕೊಡಂಗಿಲ್ಲ ಮತ್ತ. ಜಗಲಿ ಏರಿದ್ದು ಇಳಿಯಂಗಿಲ್ಲ. ತ್ರಿವೇಣಿ ಕುಂಕುಮಕ್ಕ ಆಗ್ತೈತಿ. ಬಾಣ ಒಯ್ರಿ."

ನ್ಯಾಯವಾದ ಮಾತು. ಆದರೆ ಬಾಣ ಒಯ್ಯುವುದು ಯಾವುದರಲ್ಲಿ? ಗುರುಪುತ್ರಪ್ಪನ ಕೈ ಅಭ್ಯಾಸಬಲದಿಂದ ಎದೆಯ ಜೇಬಿಗೆ ಹೋಗಿದ್ದೇ ತಡ, ತಮ್ಮಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಪಡಸಾಲೆಯ ಮೂಲೆಯಲ್ಲಿ ಹೊಲದಿಂದ ಬಂದ ಗೆಣಸಿನ ಚೀಲವಿತ್ತು. ಅಕ್ಕವ್ವ ಎದ್ದು, ಅದರಲ್ಲೊಂದು ದಪ್ಪ ಗೆಣಸು ಆರಿಸಿ, ಮೂರೂ ಡಾರ್ಟ್‌ಗಳನ್ನು ಸಾಲಾಗಿ ಅದಕ್ಕೆ ಚುಚ್ಚಿ ಗಂಡನ ಕೈಗೆ ಕೊಟ್ಟಳು. ಮೊನೆಗಳು ಪೂರ್ತಿ ಮುಳುಗಿದ್ದವು. ರೆಕ್ಕೆಗಳು ಮೇಲೆ ಆರಾಮಾಗಿದ್ದವು. ಅಲುಗಾಡಿಸಿದರೂ ಸದ್ದಿಲ್ಲ.

ಪಂದ್ಯದ ಹಾಲಿನಲ್ಲಿ ಕಲಂದರ ಗೆಣಸನ್ನು ನೋಡಿದ, ಹಿಂದೆ ಬರುತ್ತಿದ್ದ ಬೀಗರನ್ನು ನೋಡಿದ. "ಡಬ್ಬಿ?"

"ಜಗಲಿ ಮ್ಯಾಲ."

ಹಳೆಯ ಗೆಳೆಯ. ಹೆಚ್ಚು ಕೇಳಲಿಲ್ಲ. ಅವರ ಜೋಡಿ ಎರಡನೇ ಸುತ್ತಿನಲ್ಲಿ ಸೋತಿತು. ಗೆಣಸಿನ ಹಾಲು ಬೆರಳಿಗೆ ಅಂಟಿ ಕೈ ಕೂಡಲಿಲ್ಲ ಎಂಬುದು ಗುರುಪುತ್ರಪ್ಪನ ವಿವರಣೆ. ಪ್ರತಿ ಎಸೆತಕ್ಕೂ ಜೋರಾಗಿ ಚಪ್ಪಾಳೆ ತಟ್ಟಿದವನು ತಮ್ಮಣ್ಣ. ಕುಳಿತದ್ದು ಮಾತ್ರ ಕೊನೆಯ ಸಾಲಿನಲ್ಲಿ, ಕಂಬದ ಮರೆಗೆ.

ತಿರುಗಿ ಬರುವ ಬಸ್ಸಿನಲ್ಲಿ ಗೆಣಸು ಅಕ್ಕವ್ವನ ತೊಡೆಯ ಮೇಲಿತ್ತು. ಕಿಟಕಿಯಾಚೆ ಗದ್ದೆಗಳ ಮೇಲೆ ಸಂಜೆಯ ಬಿಸಿಲು ಹಳದಿಯಾಗಿ ಮಲಗಿತ್ತು. ದೇಸೂರು ದಾಟಿದ ಮೇಲೆ ಗುರುಪುತ್ರಪ್ಪ ಕೇಳಿದ.

"ಇವು ಇನ್ನ ಮನಿಗೆ ಬರೂದೋ, ಕಲಂದರನ ಕಡೆ ಕೊಡೂದೋ?"

ಅಕ್ಕವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಅಥವಾ ಯೋಚಿಸಿದಂತೆ ಮಾಡಿದಳು. "ಬರಲಿ. ಆದ್ರ ಗೆಣಸಿನಾಗ."

ಹಾಗಾಗಿ ಈಗ ಸಂತೆಯ ದಿನ ಗೆಣಸು ಮಾರುವ ಮುದುಕಿಯ ಮುಂದೆ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕುಳಿತಿರುತ್ತಾನೆ. ಜೇಬಿನಿಂದ ವರ್ಕ್‌ಶಾಪಿನ ಅಳತೆಯ ಕ್ಯಾಲಿಪರ್ ತೆಗೆದು ಒಂದೊಂದೇ ಗೆಣಸಿನ ದಪ್ಪ ಹಿಡಿದು ನೋಡುತ್ತಾನೆ. ಒಪ್ಪಿಗೆಯಾದದ್ದನ್ನು ಬದಿಗೆ ಇಡುತ್ತಾನೆ, ಉಳಿದದ್ದನ್ನು ಬೇಸರದಿಂದ ಗುಡ್ಡೆಗೆ ಹಾಕುತ್ತಾನೆ.

"ಒಂದ ಗೆಣಸಿಗೆ ಎಷ್ಟ ಪರೀಕ್ಷಾ ಮಾಡ್ತೀಯೋ ಯಪ್ಪಾ," ಎನ್ನುತ್ತಾಳೆ ಮುದುಕಿ. "ಮನ್ಯಾಗ ಎಷ್ಟ ಮಂದಿ ಅದೀರಿ?"

"ಮೂರ ಮಂದಿ," ಎನ್ನುತ್ತಾನೆ ಗುರುಪುತ್ರಪ್ಪ, ಎದೆಯ ಬರಿದಾದ ಜೇಬನ್ನು ಒಮ್ಮೆ ಸವರಿಕೊಂಡು. "ಮೂರೂ ಮಂದಿ ಇದರಾಗ ಕುಂದರಬೇಕವ್ವಾ."