ತುಂಬಿದ ಬಸ್ಸಿನ ಒಬ್ಬನೇ ಪ್ರಯಾಣಿಕ

ಅಂಗಿಯ ಬೆನ್ನಮೇಲೆ ಇಸ್ತ್ರಿಪೆಟ್ಟಿಗೆ ಇದ್ದಾಗಲೇ ಕರೆಂಟು ಹೋಯಿತು. ಇನ್ನು ಸದ್ಯಕ್ಕೆ ಬರುವುದಿಲ್ಲವೆಂದು ಸೀಲಣ್ಣ ಅದನ್ನು ಅಲ್ಲೇ ಬಿಟ್ಟು ಗಡ್ಡ ಹೆರೆಯಲು ಕುಳಿತ. ಕರೆಂಟು ಹೇಳದೆ ಕೇಳದೆ ಬಂತು. ಬಂದದ್ದೂ ಸಿಟ್ಟುಮಾಡಿಕೊಂಡು ತವರಿಗೆ ಹೋದವಳು ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ವಾಪಸಾದ ಹಾಗೆ, ಎರಡರಷ್ಟು ಜೋರಾಗಿ. ಅರ್ಧ ಗಡ್ಡದಲ್ಲಿ ಓಡಿಬಂದು ನೋಡಿದರೆ ಅಂಗಿಯ ಬೆನ್ನಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ಒಂದು ಕಿಟಕಿ ತೆರೆದುಕೊಂಡಿತ್ತು.

ಇನ್ನೊಂದು ಅಂಗಿ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು, ಉಳಿದರ್ಧ ಗಡ್ಡ ಹೆರೆಯಲೂ ಸಮಯವಿರಲಿಲ್ಲ.

"ನಮ್ಮಣ್ಣ ಬಿಟ್ಟುಹೋದ ಸಫಾರಿ ಸೂಟ್ ಇದೆಯಲ್ಲ, ಹಾಕ್ಕೊಂಡ್ಹೋಗಿ," ಎಂದಳು ಹೆಂಡತಿ.

"ಅದನ್ನ ಹಾಕ್ಕೊಂಡ್ರೆ ಯಾವುದೋ ಅಧಿಕಾರಿ ಥರ ಕಾಣ್ತೀನಿ ಕಣೇ."

"ಒಂದು ದಿನನಾದ್ರೂ ಕಾಣಿ. ಬೇಡ ಅಂದೋರು ಯಾರು?"

ಸೀಲಣ್ಣನದು ಪೇಟೆಯಲ್ಲಿ ರಬ್ಬರ್ ಸ್ಟ್ಯಾಂಪು ಮಾಡಿಕೊಡುವ ಪುಟ್ಟ ಅಂಗಡಿ. ಮನೆ ಮಾತ್ರ ಊರಾಚೆಯ ಹೊಸ ಬಡಾವಣೆಯಲ್ಲಿ, ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೆ. ಸೇತುವೆ ಬರುತ್ತದೆ, ಹೊಸ ವಿದ್ಯುತ್ ಲೈನು ಬರುತ್ತದೆ, ಬಸ್ಸು ಬರುತ್ತದೆ ಎಂಬ ಮಾತು ನಂಬಿ ಕೊಂಡ ಮನೆ. ಇವುಗಳಲ್ಲಿ ನಿಜವಾಗಿ ಬಂದದ್ದು ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಮಾತ್ರ. ಅದರಲ್ಲಿ ಓಡಾಡುತ್ತಿದ್ದವನು ಅವನೊಬ್ಬನೇ. ಮಂಡಿನೋವಿನ ಮನುಷ್ಯ, ಆ ಬಸ್ಸು ನಿಂತರೆ ಅವನ ಅಂಗಡಿಯೂ ನಿಂತ ಹಾಗೆಯೇ.

ಗೇಟಿನ ಬಳಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅಡ್ಡ ನಿಂತರು. ಸಫಾರಿಯನ್ನು ಮೇಲಿಂದ ಕೆಳಗೆ ನೋಡಿದರು.

"ವಿಷಯ ಗೊತ್ತಾಯ್ತೇನಪ್ಪ? ಇವತ್ತು ನಮ್ಮ ಶಾಸಕಿ ಈ ಬಸ್ ಹತ್ತುತ್ತಾರಂತೆ. ಬಸ್ಸು ತುಂಬಿ ತುಳುಕ್ತಿದೆ ಅಂತ ಸರ್ಕಾರ ಸದನದಲ್ಲಿ ಉತ್ತರ ಕೊಟ್ಟುಬಿಟ್ಟಿದೆ. ಇವರಿಗೆ ನಂಬಿಕೆ ಇಲ್ಲ. ಖಾಲಿ ಅಂತ ಗೊತ್ತಾಯ್ತೋ, ಈ ಮಾರ್ಗಾನೇ ರದ್ದು. ಆಮೇಲೆ ನಮ್ಮ ಸೈಟುಗಳನ್ನ ಯಾರು ಮೂಸಿ ನೋಡ್ತಾರೆ?"

"ನಾನೊಬ್ಬನೇ ತುಂಬಿ ತುಳುಕೋದು ಹೇಗೆ ಮೇಷ್ಟ್ರೇ? ನೀವೂ ಬನ್ನಿ."

"ನನಗೆ ಸ್ಕೂಟರ್ ಇದೆಯಲ್ಲಪ್ಪ," ಎಂದು ಮೇಷ್ಟ್ರು ಒಳಗೆ ಹೋದರು.

ಆ ಶಾಸಕಿಯನ್ನು ಜನ ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಮಂತ್ರಿಗಳು ನಮಸ್ಕಾರ ಎಂದರೆ "ಯಾಕೆ?" ಎಂದು ಕೇಳುವ ಹೆಂಗಸು. ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇನೆ, ನಿಜ ಹೇಳಿದರೆ ಬಸ್ಸು ಹೋಗುತ್ತದೆ ಎಂದು ಲೆಕ್ಕ ಹಾಕುತ್ತಲೇ ನಿಲ್ದಾಣಕ್ಕೆ ಬಂದ ಸೀಲಣ್ಣ ಕಲ್ಲಾಗಿ ನಿಂತ.

ಬಸ್ಸು ತುಂಬಿತ್ತು.

ಬಾಗಿಲಲ್ಲಿ ಹೊಸ ಕಂಡಕ್ಟರು. "ಬನ್ನಿ ಸಾರ್, ಹುಷಾರಾಗಿ ಹತ್ತಿ," ಎಂದು ನಕ್ಕ. ಸೀಲಣ್ಣನಿಗೆ ಮೊದಲ ಅನುಮಾನ ಬಂದದ್ದು ಆ ನಗು ನೋಡಿ.

ಒಳಗೆ ಕೂಲಿಯವರು, ತರಕಾರಿ ಮಾರುವವರು, ಗಾರೆ ಕೆಲಸದವರು. ಒಬ್ಬರ ಮುಖವನ್ನೂ ಈ ಬಡಾವಣೆಯಲ್ಲಿ ಕಂಡ ನೆನಪಿಲ್ಲ. ತರಕಾರಿಯವಳ ಬುಟ್ಟಿಗೆ ಅಂಗಡಿಯ ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು. ಗಾರೆಯವನ ಕರಣೆ ಮದುವೆ ಮನೆಯ ಬೆಳ್ಳಿ ಲೋಟದಂತೆ ಫಳಫಳ ಹೊಳೆಯುತ್ತಿತ್ತು. ಸೀಲಣ್ಣನ ನಿತ್ಯದ ಸೀಟಿನಲ್ಲಿ ಮಾತ್ರ ಒಂದಿಷ್ಟು ಜಾಗ ಇತ್ತು. ಅದರ ಪಕ್ಕ ತಲೆಗೆ ವಸ್ತ್ರ ಸುತ್ತಿದ ಒಬ್ಬ ಕೂಲಿ ಕೂತಿದ್ದ. ಅವನ ಕೈ ಹತ್ತಿಯ ಹಾಗೆ ಮೆತ್ತಗಿತ್ತು.

ಬಸ್ಸು ಹೊರಟ ಮೇಲೆ ಆ ಕೂಲಿ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ. "ರೀ, ಯಾವ ಸೆಕ್ಷನ್ ನೀವು? ಸಫಾರಿ ಹಾಕ್ಕೊಂಡು ಬಂದಿದೀರಲ್ಲ! ಬಡವರ ಥರ ಬನ್ನಿ ಅಂತ ನಿನ್ನೆ ರಿಹರ್ಸಲ್‌ನಲ್ಲಿ ಬಡಕೊಂಡಿದ್ದು ಕೇಳಿಸಲಿಲ್ವಾ?"

"ನಾನು ಯಾವ ಸೆಕ್ಷನ್ನೂ ಅಲ್ಲ ಸ್ವಾಮಿ. ದಿನಾ ಬರೋನು."

ಕೂಲಿ ಕಣ್ಣು ಕಿರಿದು ಮಾಡಿದ. "ಹಾಗಾದ್ರೆ ನಮ್ಮ ಮೇಲೆ ನಿಗಾ ಇಡೋಕೆ ಮೇಲಿನೋರು ಕಳಿಸಿದಾರೆ." ಈ ಸುದ್ದಿ ಸೀಟಿನಿಂದ ಸೀಟಿಗೆ ಸರಿದು ಡ್ರೈವರನವರೆಗೂ ಹೋಯಿತು. ತರಕಾರಿಯವಳು ಎದ್ದು ನಮಸ್ಕಾರ ಮಾಡಿ ಕೂತಳು.

ಸೇತುವೆಯ ಬಳಿ ಅನುಮಾನದಕ್ಕ ಛತ್ರಿ ಹಿಡಿದು ಹತ್ತಿದರು. ಆ ಸೇತುವೆ ಆಚೆ ದಡಕ್ಕೆ ಹೋಗಲು ಮನಸ್ಸಿಲ್ಲದೆ ನದಿಯ ನಡುವೆಯೇ ನಿಂತುಬಿಟ್ಟಿತ್ತು. ಬಸ್ಸು ಬಳಸಿಕೊಂಡು ಹಳೆಯ ದಾರಿಗೆ ತಿರುಗಿತು.

"ಏನಪ್ಪಾ, ದಿನಾ ಇದೇ ಬಸ್ಸಾ?" ಎಂದು ಅವರು ಕೂಲಿಯನ್ನು ಕೇಳಿದರು.

"ಹೂಂ ತಾಯಿ. ಈ ಬಸ್ ಇಲ್ದಿದ್ರೆ ನಾನೇ ಇಲ್ಲ."

"ಈ ಸೇತುವೆ ಕತೆ ಏನು?"

"ಕಾಮಗಾರಿಯು ಭರದಿಂದ ಸಾಗಿದ್ದು ಅಂತಿಮ ಹಂತದಲ್ಲಿರುತ್ತದೆ ತಾಯಿ."

ಸೀಲಣ್ಣ ಬೆಚ್ಚಿಬಿದ್ದ. ಆ ವಾಕ್ಯವನ್ನು ಅವನೇ ಕೈಯಾರೆ ರಬ್ಬರಿನಲ್ಲಿ ಕೊರೆದು ಇಲಾಖೆಗೆ ಮಾಡಿಕೊಟ್ಟಿದ್ದ. ಅನುಮಾನದಕ್ಕ ಮಾತ್ರ ಮೆಚ್ಚಿ ತಲೆದೂಗಿದರು. "ನೋಡಿ, ದುಡಿಯೋ ಜನಕ್ಕೆ ಎಷ್ಟು ತಿಳಿವಳಿಕೆ! ನಿನಗೇನಮ್ಮ, ಮನೇಲಿ ಕರೆಂಟ್ ಇರುತ್ತಾ?"

"ಹಗಲೂ ರಾತ್ರಿ ಇರುತ್ತೆ ತಾಯಿ. ಬೆಳಕಿಗೆ ನಿದ್ದೇನೇ ಹತ್ತಲ್ಲ," ಎಂದಳು ತರಕಾರಿಯವಳು.

ಆಗ ಅನುಮಾನದಕ್ಕನ ಕಣ್ಣು ಸಫಾರಿಯ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ಕೂತಿತು.

"ನೀವು?"

"ನಾನು... ದಿನಾ ಬರ್ತೀನಮ್ಮ. ಬಸ್ಸು ಯಾವಾಗಲೂ ತುಂಬಿರುತ್ತೆ." ಹೆರೆಯದೆ ಬಿಟ್ಟ ಅರ್ಧ ಗಡ್ಡ ತುರಿಸತೊಡಗಿತು.

"ಪಕ್ಕದಲ್ಲಿ ದಿನಾ ಯಾರು ಕೂತ್ಕೊಳ್ತಾರೆ?"

"ಇವರೇ."

"ಏನಪ್ಪಾ, ಇವರನ್ನ ನೋಡಿದೀಯಾ?"

"ಇವತ್ತೇ ಮೊದಲು ತಾಯಿ," ಎಂದ ಕೂಲಿ ಥಟ್ಟನೆ.

"ಎಲ್ಲಿ ಇಳೀತೀರಿ?"

"ಹಳೇ ಗೋಡೌನ್ ಹತ್ರ."

"ಅಲ್ಲಿ ಸ್ಟಾಪೇ ಇಲ್ಲವಲ್ಲ!"

"ಡ್ರೈವರು ನನಗೋಸ್ಕರ ನಿಧಾನ ಮಾಡ್ತಾರಮ್ಮ, ನಾನು ಇಳ್ಕೊಂಡುಬಿಡ್ತೀನಿ."

"ಓಹೋ, ನಿಮಗೋಸ್ಕರ ಸರ್ಕಾರಿ ಬಸ್ಸು ನಿಧಾನ ಆಗುತ್ತೆ. ಟಿಕೆಟ್ ತೋರಿಸಿ."

"ಪಾಸ್ ಇದೆಯಮ್ಮ. ಸುಟ್ಟ ಅಂಗಿ ಜೇಬಲ್ಲಿದೆ."

"ಸುಟ್ಟ ಅಂಗೀಲಿ! ಸರ್ಕಾರದ ಕಡತಗಳೂ ನಾನು ಕೇಳಿದ ದಿನಾನೇ ಸುಟ್ಟುಹೋಗ್ತವೆ. ಬ್ಯಾಗ್ ತೆಗೀರಿ."

ಬ್ಯಾಗಿನಲ್ಲಿ ಅಂದು ಗಿರಾಕಿಗಳಿಗೆ ಕೊಡಬೇಕಾಗಿದ್ದ ಸ್ಟ್ಯಾಂಪುಗಳಿದ್ದವು. ಅನುಮಾನದಕ್ಕ ಒಂದೊಂದನ್ನೇ ಎತ್ತಿ ಗಟ್ಟಿಯಾಗಿ ಓದಿದರು. "ಮುಖ್ಯ ಇಂಜಿನಿಯರ್, ಇಂಧನ ಇಲಾಖೆ. ವಿಭಾಗೀಯ ಅಧಿಕಾರಿ, ಸಾರಿಗೆ. ಅನುಮೋದಿಸಿದೆ. ಪರಿಶೀಲಿಸಿ ಸರಿ ಇದೆ." ಒಂದೊಂದಕ್ಕೂ ಬಸ್ಸಿನಲ್ಲಿ ಒಬ್ಬೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಸೀಲಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತ. "ಅಮ್ಮಾ, ದೇವರಾಣೆ, ಈ ಬಸ್ಸಲ್ಲಿ ನಿಜವಾದ ಪ್ರಯಾಣಿಕ ಅಂತ ಇರೋನು ನಾನೊಬ್ಬನೇ! ಇವರೆಲ್ಲ ವೇಷ!"

ಬಸ್ಸಿಗೆ ಬಸ್ಸೇ ನಕ್ಕಿತು. ಗಾರೆಯವನು ಕರಣೆ ಕೆಳಗೆ ಬೀಳಿಸಿಕೊಂಡು ನಕ್ಕ.

"ನಿಜವಾದವರು ಯಾರೂ ನಾನು ನಿಜ ಅಂತ ಹೇಳ್ಕೊಂಡು ತಿರುಗಲ್ಲ ಸ್ವಾಮಿ," ಎಂದರು ಅನುಮಾನದಕ್ಕ. "ಟಿಕೆಟ್ ಇಲ್ಲದೆ ಬಂದು ಬಡವರ ಸೀಟಲ್ಲಿ ಕೂತು ಅವರ ಮೇಲೇ ಗೂಬೆ ಕೂರಿಸ್ತೀರಾ? ಕಂಡಕ್ಟರ್, ಇಳಿಸ್ರೀ ಇವರನ್ನ!"

ಕಂಡಕ್ಟರು ನಗುತ್ತಲೇ ಇಳಿಸಿದ.

ಕುಂಟಿಕೊಂಡು ಅಂಗಡಿ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಪಕ್ಕದ ಕ್ಷೌರದಂಗಡಿಯವನು ಅರ್ಧ ಗಡ್ಡ ಕಂಡು ಕುರ್ಚಿ ತೋರಿಸಿದ. ಅಲ್ಲಿನ ರೇಡಿಯೋದಲ್ಲಿ ಸದನದ ಕಲಾಪ ಬರುತ್ತಿತ್ತು. ಅನುಮಾನದಕ್ಕನ ದನಿ ಕೇಳಿದ್ದೇ ಸೀಲಣ್ಣ ಕತ್ತು ತಿರುಗಿಸಿದ.

"ಅಲ್ಲಾಡಬೇಡಣ್ಣ, ಕಿವಿ ಹೋಗುತ್ತೆ!" ಎಂದ ಕ್ಷೌರಿಕ.

"ಮಾನ್ಯ ಅಧ್ಯಕ್ಷರೇ," ಎನ್ನುತ್ತಿತ್ತು ರೇಡಿಯೋ, "ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಆದರೆ ಇವತ್ತು ಕಣ್ಣಾರೆ ಕಂಡಿದ್ದೇನೆ. ಬಸ್ಸು ಬಡ ದುಡಿಮೆಗಾರರಿಂದ ತುಂಬಿತ್ತು. ಮಂತ್ರಿಗಳ ಉತ್ತರ ನಿಜ. ನನ್ನ ದೂರು ಒಂದೇ: ಸಫಾರಿ ಸೂಟಿನ ಒಬ್ಬ ಅಧಿಕಾರಿ ಟಿಕೆಟ್ಟಿಲ್ಲದೆ ಅದರಲ್ಲಿ ಓಡಾಡುತ್ತಾನೆ. ಅವನ ಮೇಲೆ ಏನು ಕ್ರಮ?"

ಮಂತ್ರಿಗಳ ದನಿ ಸಂತೋಷದಿಂದ ಉಬ್ಬಿತ್ತು. ಆ ಅಧಿಕಾರಿಯನ್ನು ಇನ್ನು ಮುಂದೆ ಬಸ್ಸು ಹತ್ತಲು ಬಿಡುವುದಿಲ್ಲ ಎಂದರು. ಬಸ್ಸು ಎಂದೆಂದಿಗೂ ನಿಲ್ಲುವುದಿಲ್ಲ, ಮತ್ತು ಇವತ್ತು ಎಷ್ಟು ತುಂಬಿತ್ತೋ ಪ್ರತಿದಿನವೂ ಅಷ್ಟೇ ತುಂಬಿರುತ್ತದೆ ಎಂದು ಸದನಕ್ಕೆ ಭರವಸೆ ಕೊಟ್ಟರು.

ಸೀಲಣ್ಣನ ಕಿವಿಗೆ ಬಿದ್ದದ್ದು ಬಸ್ಸು ನಿಲ್ಲುವುದಿಲ್ಲ ಎಂಬ ಮಾತು ಒಂದೇ. "ಉಳೀತು ಕಣಯ್ಯಾ ನನ್ನ ಬಸ್ಸು!" ಎಂದು ನೊರೆ ಮೆತ್ತಿದ ಮುಖದಲ್ಲೇ ಎದ್ದು ಕ್ಷೌರಿಕನನ್ನು ತಬ್ಬಿಕೊಂಡ. ಟೀ ತರಿಸಿ ಕುಡಿಸಿದ.

ಸಂಜೆ ನಿಲ್ದಾಣದಲ್ಲಿ ಗೆದ್ದವನ ಠೀವಿಯಲ್ಲಿ ನಿಂತ. ಬಸ್ಸು ಬಂತು. ತುಂಬಿತ್ತು. ಅದೇ ಬುಟ್ಟಿ, ಅದೇ ಕರಣೆ, ಕಿಟಕಿಯಲ್ಲಿ ಜೋತುಬಿದ್ದ ಮುಖದ ಅದೇ ಕೂಲಿ.

"ಇನ್ನೂ ಯಾಕ್ರೀ ಇದೀರಿ? ಅವರು ಹೋದರಲ್ಲ!" ಎಂದ ಸೀಲಣ್ಣ.

"ಸದನದಲ್ಲಿ ಭರವಸೆ ಕೊಟ್ಟುಬಿಟ್ರಲ್ಲ ಮಾರಾಯ್ರೆ! ಇನ್ಮೇಲೆ ದಿನಾ ಎರಡು ಹೊತ್ತೂ ನಮಗೆ ಇದೇ ಡ್ಯೂಟಿ. ರಜಾ ಬೇಕಾದ್ರೆ ನಮ್ಮ ಬದಲಿಗೆ ಇನ್ನೊಬ್ಬ ಕೂಲೀನ ಕೂರಿಸಿ ಹೋಗಬೇಕಂತೆ."

ಸೀಲಣ್ಣ ಮೆಟ್ಟಿಲಿಗೆ ಕಾಲಿಟ್ಟ. ಕಂಡಕ್ಟರು ಕೈ ಅಡ್ಡ ಹಿಡಿದು ನಕ್ಕ. "ಸಾರಿ ಸಾರ್. ಆರ್ಡರ್ ಬಂದಿದೆ. ಸಫಾರಿ ಅಧಿಕಾರಿನ ಹತ್ತಿಸೋ ಹಾಗಿಲ್ಲ."

"ನಾನು ಅಧಿಕಾರಿ ಅಲ್ಲಪ್ಪ!"

"ಅಲ್ಲ ಅಂತ ಪ್ರಯಾಣಿಕರಲ್ಲಿ ಯಾರಾದ್ರೂ ಒಬ್ಬರು ಹೇಳಲಿ, ಹತ್ತಿಸ್ತೀನಿ."

ಬಸ್ಸಿನೊಳಗಿನ ಅಷ್ಟೂ ಅಧಿಕಾರಿಗಳು ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿದರು. ಬಸ್ಸು ಹೊರಟಿತು.

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಬಸ್ಸು ಉಳೀತಂತಲ್ಲ! ಮೇಷ್ಟ್ರು ಸೈಟಿಗೆ ಆಗಲೇ ಬೆಲೆ ಏರಿಸಿದಾರೆ. ಎಲ್ಲಿದೀರಿ, ಹತ್ತಿದ್ರಾ?"

"ಇಲ್ಲ ಕಣೇ. ಅಧಿಕಾರಿಗಳು ಹತ್ತಬಾರದಂತೆ," ಎಂದು ಸೀಲಣ್ಣ ಮಂಡಿ ನೀವಿಕೊಂಡು ನಡೆಯತೊಡಗಿದ.

"ನಡ್ಕೊಂಡ್ ಬರ್ತೀರಾ? ಹಾಗಾದ್ರೆ ದಾರೀಲಿ ಧೂಳಿರುತ್ತೆ, ಜೋಪಾನ," ಎಂದಳು ಅವಳು. "ಆ ಸಫಾರಿ ಒಂದೇ ಈಗ ನಿಮಗಿರೋದು. ನೆನೆ ಹಾಕಿದ್ದ ಅಂಗೀನೂ ಇಸ್ತ್ರಿ ಮಾಡೋಕೆ ಕೂತಿದ್ದೆ, ಕರೆಂಟ್ ಹೋಗಿತ್ತು, ಈಗ ತಾನೇ ಬಂತು."